ಮನೆಯೊಂದು, ಸೇರೆರಡು

ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇರುವ ಮನೆಯಲ್ಲಿ ಲೆಕ್ಕ ಕೂಡುವುದೆಂತು? ಗಣಕಯಂತ್ರದೊಳಗೂ ಇಂತಹ ತೊಡಕುಂಟು.

ಮನೆಯ ಜಮಾಖರ್ಚಿಗಾಗಿ ನಾವು ಸಿ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮನ್ನು ಬರೆದುಕೊಂಡಿದ್ದೇವೆ. ನಮ್ಮ 64 ಬಿಟ್ಟಿನ ಯಂತ್ರದಲ್ಲಿ ಅದು ಸುಸೂತ್ರವಾಗಿ ನಡೆಯುತ್ತಿದೆ. ತಮ್ಮ ಹಳೆಯ 32 ಬಿಟ್ಟಿನ ಲಿನಕ್ಸ್ ಯಂತ್ರಕ್ಕೂ ಅದನ್ನು ಅಳವಡಿಸಿಕೊಡಬೇಕೆಂದು ನಮ್ಮ ಭಾವನವರು ಕೇಳಿದರು. ಅವರದು 2044ರಲ್ಲಿ ತೀರುವ ಮನೆಸಾಲ. ಕಂಪೈಲರ್ ತುಟಿಪಿಟಕ್ಕೆನ್ನದೆ ಕೆಲಸ ಮುಗಿಸಿತು. ಒಪ್ಪಿಸುವ ಮೊದಲು ಪರೀಕ್ಷಿಸಲಾಗಿ, ಕಡೆಯ ಕಂತಿನ ದಿನ 1970ರ ಜನವರಿ 1 ಎಂದು ಬಂದಿತು! “ಮಾಡುವ ಮೊದಲೇ ಸಾಲ ತೀರಿತಲ್ಲ!” ಎಂದು ಅಕ್ಕ ನಕ್ಕರು.

ಕಾರಣವಿಷ್ಟೆ. ಯುನಿಕ್ಸ್ ವಂಶದ ವ್ಯವಸ್ಥೆಗಳು ಕಾಲವನ್ನು 1970ರ ಆದಿಯಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. 32 ಬಿಟ್ಟಿನ ಪಾತ್ರೆಯು 2038ರ ಜನವರಿ 19ರಂದು, ನಮ್ಮ ಗಡಿಯಾರದ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುವುದು. ಅದರಾಚೆಯ ದಿನವನ್ನು ಕೇಳಿದರೆ ‘ಆಗದು’ ಎಂಬರ್ಥದಲ್ಲಿ ಋಣ ಒಂದು ಎಂಬ ಸಂಖ್ಯೆ ದೊರೆಯುತ್ತದೆ. ಅದನ್ನೇ ದಿನಾಂಕವೆಂದು ಓದಿದರೆ 1970!

ನೆಟ್‌ಬಿಎಸ್‌ಡಿ 2012ರಲ್ಲಿ, ಓಪನ್‌ಬಿಎಸ್‌ಡಿ 2014ರಲ್ಲಿ ಪಾತ್ರೆಯನ್ನೇ ಹಿರಿದು ಮಾಡಿದವು. ಲಿನಕ್ಸಿನಲ್ಲಿ ಬಳಕೆಯಾಗುವ ಗ್ನೂ ಸಿ ಲೈಬ್ರರಿಯಾದರೋ, ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು 32 ಬಿಟ್ಟಿನ ಹಳೆಯ ಯಂತ್ರಗಳಿಗೆ ಹಳೆಯ ಅಳತೆಯನ್ನೇ ಉಳಿಸಿಕೊಂಡಿತು; 2021ರ 2.34ನೆಯ ಆವೃತ್ತಿಯಿಂದ ಈಚೆಗೆ, ಕೇಳಿದವರಿಗೆ ಹೊಸ ಅಳತೆಯನ್ನು ಕೊಡುತ್ತದೆ. ಕೇಳುವ ರೀತಿ ಹೀಗೆ: ಮೇಕ್‌ಫೈಲಿನಲ್ಲಿ ‘ಟೈಮ್ ಬಿಟ್ಸ್’, ‘ಫೈಲ್ ಆಫ್‌ಸೆಟ್ ಬಿಟ್ಸ್’ ಎಂಬೆರಡನ್ನೂ 64 ಎಂದು ಬರೆಯತಕ್ಕದ್ದು. ಎರಡನೆಯದಿಲ್ಲದೆ ಮೊದಲನೆಯದು ನಡೆಯದು.

ದಿನಾಂಕದ ಭಾಗವೊಂದನ್ನೇ ಹೀಗೆ ಕಂಪೈಲ್ ಮಾಡಿದರೆ ಸಾಲದೆ ಎಂದು ಭಾವನವರು ಕೇಳಿದರು. ಸಾಲದು. ಒಂದು ಭಾಗವು 64 ಬಿಟ್ಟಿನಲ್ಲಿ ಅಳೆದು ಕೊಟ್ಟದ್ದನ್ನು ಇನ್ನೊಂದು 32 ಬಿಟ್ಟಿನಲ್ಲಿ ಅಳೆದುಕೊಂಡರೆ, ಮೇಲೆ ಹೇಳಿದ ಸೇರಿನ ಗತಿಯೇ. ಆದುದರಿಂದ ಪ್ರೋಗ್ರಾಮನ್ನೂ, ಅದರೊಡನೆ ಕಾಲದ ಲೆಕ್ಕವನ್ನು ಹಂಚಿಕೊಳ್ಳುವ ನಮ್ಮ ಲೈಬ್ರರಿಯನ್ನೂ ಪೂರ್ತಿಯಾಗಿ ಹೊಸದಾಗಿ ಕಂಪೈಲ್ ಮಾಡಿದೆವು. 2044 ಸರಿಯಾಗಿ ಮೂಡಿತು.

ಮೇಕ್‌ಫೈಲಿನ ಆ ಸಾಲುಗಳ ಮೇಲೆ, ಅವು ಏಕೆ ಇವೆ ಎಂಬುದನ್ನೂ ಬರೆದಿಟ್ಟಿದ್ದೇವೆ. ಮುಂದೆ ಯಾರಾದರೂ ಕಸವೆಂದು ಅಳಿಸಿಬಿಟ್ಟರೆ ಕಂಪೈಲರ್ ಆಗಲೂ ಸುಮ್ಮನಿರುವುದು. ದೂರು ಬಾರದಿದ್ದ ಮಾತ್ರಕ್ಕೆ ಲೆಕ್ಕ ಸರಿಯೆಂದು ತಿಳಿಯಲಾಗದು. ಹಳೆಯ ಯಂತ್ರದಲ್ಲಿ ಸಾಲದ ಲೆಕ್ಕವಿಡುವ ಗೃಹಸ್ಥರು 2038ರಾಚೆಯ ದಿನವೊಂದನ್ನು ಇಂದೇ ಕೇಳಿ ನೋಡುವುದು ಲೇಸು.