ಬೇರೆಯವರ ಹೆಸರಿನ ಕೊಳದಪ್ಪಲೆ

ನಮ್ಮದೊಂದು ಹಳೇ ಪಾತ್ರೆ ಹುಚ್ಚಿನ ಗುಂಪು. ಏಳು ಜನ ಹೆಂಗಸರು, ಮೈಸೂರಿನ ಬೇರೆ ಬೇರೆ ಬಡಾವಣೆಯವರು. ತಿಂಗಳಿಗೊಂದು ಶನಿವಾರ ಯಾರದ್ದಾದರೂ ಮನೆಯಲ್ಲಿ ಸೇರುತ್ತೇವೆ. ಸೀರೆ, ಒಡವೆ ಮಾತು ಅಲ್ಲಿ ಇಲ್ಲ. ಗುಜರಿಯಲ್ಲಿ ಏನು ಸಿಕ್ತು, ಎಷ್ಟಕ್ಕೆ ಸಿಕ್ತು ಅನ್ನೋದೇ ಮಾತು.

ಹೋದ ಸಲ ಒಬ್ಬರು ಹಿತ್ತಾಳೆ ಚಕ್ಕುಲಿ ಒರಳು ತಂದಿದ್ದರು. ಬಿಲ್ಲೆಗಳೆಲ್ಲ ಇವೆ, ಚಕ್ಕುಲಿ ಬಿಲ್ಲೆಯೇ ಇಲ್ಲ! ಇನ್ನೊಬ್ಬರಿಗೆ ಸೇರು, ಪಾವು, ಚಟಾಕಿನ ಪೂರ್ತಿ ಜೊತೆ ಸಿಕ್ಕಿ ನಮಗೆಲ್ಲ ಹೊಟ್ಟೆ ಉರಿದಿತ್ತು. ಮೂರನೆಯವರು ಕಲ್ಲುಮರಿಗೆ ಕೊಂಡು, ಹದ ಮಾಡದೆ ಸೀದಾ ಒಲೆ ಮೇಲಿಟ್ಟು ಸೀಳಿಸಿಕೊಂಡಿದ್ದರು. ಹೊಸ ಮರಿಗೆಗೆ ಎಣ್ಣೆ-ಅರಿಶಿನ ಸವರಿ, ನಾಲ್ಕಾರು ದಿನ ಬಿಸಿ ಗಂಜಿ ಸುರಿದು, ಆಮೇಲೆ ಸಣ್ಣ ಉರಿ ತೋರಿಸಬೇಕು. ಪಾಪ, ಈಗ ಅದರಲ್ಲಿ ದೊಡ್ಡಪತ್ರೆ ಬೆಳೆದಿದೆ.

ಈ ಸಲದ ಅದೃಷ್ಟ ನನ್ನದು. ಗುಜರಿ ಅಂಗಡಿಯ ಮೂಲೆಯಲ್ಲಿ, ಮುರುಕಲು ಫ್ಯಾನುಗಳ ಅಡಿಯಲ್ಲಿ ಒಂದು ಹಿತ್ತಾಳೆ ಕೊಳದಪ್ಪಲೆ ಕಂಡಿತು. ಕಪ್ಪಗಾಗಿತ್ತು. ಪರ್ಸಿನಲ್ಲಿ ಸದಾ ಇರುವ ಅಯಸ್ಕಾಂತ ತಾಗಿಸಿದೆ, ಅಂಟಲಿಲ್ಲ. ಬೆರಳಲ್ಲಿ ಬಡಿದರೆ ಠಣ್ ಅಂತ ನಾದ ಎಳೆಯಿತು, ಎಲ್ಲೂ ಸೀಳಿಲ್ಲ. "ತೂಕದ ಲೆಕ್ಕ ಅಮ್ಮಾ, ಕಿಲೋಗೆ 600" ಅಂದ. 2 ಕಿಲೋ 800 ಗ್ರಾಂ. 1,680 ರೂಪಾಯಿ ಕೊಟ್ಟು, ಅವನ ಮನಸ್ಸು ಬದಲಾಗೋದರೊಳಗೆ ಆಟೋ ಹತ್ತಿದೆ.

ಹುಣಸೆಹಣ್ಣು ಹಾಕಿ ಉಜ್ಜಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಎದ್ದವು. 'ಸೌ||' ಅಂತ ಶುರುವಾಗಿ ಒಂದು ಹೆಣ್ಣಿನ ಹೆಸರು, ಕೊನೆಗೆ 1958. ಹೆಸರು ಇಲ್ಲಿ ಬರೆಯೋಲ್ಲ. ಆ ಮನೆಯವರು ಯಾರಾದರೂ ಓದಿ ಬೇಜಾರು ಮಾಡಿಕೊಂಡಾರು.

ನಮ್ಮತ್ತೆಗೆ 86. ಕಣ್ಣು ಮಂಜು. ತೊಡೆ ಮೇಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಯಾರದ್ದೇ ಇದು?"

"ಯಾರದ್ದೋ ಅತ್ತೆ. ಮದುವೇಲಿ ಕೊಟ್ಟಿದ್ದಿರಬೇಕು."

"ಎಷ್ಟು ಕೊಟ್ಟೆ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಎರಡಕ್ಕೂ ಸೇರಿಸಿ ಅವನು ಆರು ಸ್ಟೀಲ್ ಡಬ್ಬಿ ಕೊಟ್ಟ" ಅಂದರು.

ನನಗೆ ಉಸಿರು ಕಟ್ಟಿದ ಹಾಗಾಯಿತು. 1994ರಲ್ಲಿ ನಾನು ಈ ಮನೆಗೆ ಹೊಸ ಸೊಸೆ. ಎರಡು ಕೋಣೆಯ ಬಾಡಿಗೆ ಮನೆ, ಅಟ್ಟದ ತುಂಬ ಹಿತ್ತಾಳೆ. 'ಇದನ್ನೆಲ್ಲ ಎತ್ತೋರು ಯಾರು, ಉಜ್ಜೋರು ಯಾರು' ಅಂತ ದಿನಾ ರಾಗ ಎಳೆದವಳು ನಾನೇ. ಹಳೇದು ಕೊಟ್ಟು ಹೊಸದು ತರುವ ಅಂಗಡಿಗೆ ಅತ್ತೆಯನ್ನು ಕರೆದುಕೊಂಡು ಹೋದವಳೂ ನಾನೇ. ಅವರು ಒಂದು ಮಾತೂ ಆಡಿರಲಿಲ್ಲ. ಒಪ್ಪಿಗೆ ಅಂತಲೇ ನಾನು ಮೂವತ್ತು ವರ್ಷ ಅಂದುಕೊಂಡಿದ್ದೆ. ಆ ಆರು ಡಬ್ಬಿ ಇವತ್ತಿಗೂ ನಮ್ಮ ಅಡುಗೆಮನೆಯಲ್ಲಿವೆ, ಬೇಳೆ ತುಂಬಿಕೊಂಡು. ಪ್ರತಿದಿನ ಮುಚ್ಚಳ ತೆಗೀತೀನಿ.

"ತಪ್ಪಾಯ್ತು ಅತ್ತೆ" ಅಂದೆ. "ಅಯ್ಯೋ, ಆಗ ನಂಗೂ ಸೊಂಟ ನೋವಿತ್ತು ಕಣೇ" ಅಂದುಬಿಟ್ಟರು. ಅದು ನಿಜವೋ, ನನ್ನ ಸಮಾಧಾನಕ್ಕೋ, ಕೇಳುವ ಧೈರ್ಯ ಆಗಲಿಲ್ಲ.

ಕಲಾಯಿ ಹಾಕಿಸದೆ ಹಿತ್ತಾಳೆಯಲ್ಲಿ ಹುಳಿ ಮಾಡೋ ಹಾಗಿಲ್ಲ, ಕಿಲುಬು ಬರುತ್ತೆ. ಕಲಾಯಿಯವರನ್ನು ಹುಡುಕೋದಕ್ಕೇ ಮೂರು ವಾರ ಹಿಡಿಯಿತು. ಕೊನೆಗೆ ಒಬ್ಬ ವಯಸ್ಸಾದವರು ಮನೆ ಮುಂದೆಯೇ ಇದ್ದಿಲ ಒಲೆ ಹೂಡಿದರು. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚಿದರು, ಬಿಳೀ ಹೊಗೆ ಬುಸ್ಸೆಂದು ಎದ್ದಿತು. ತವರದ ಕಡ್ಡಿ ತಾಗಿಸಿ ಹತ್ತಿಯಲ್ಲಿ ಒಂದು ಸುತ್ತು ಒರೆಸಿದ್ದೇ ತಡ, ಒಳಗೆಲ್ಲ ಬೆಳ್ಳಿ! ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಆ ಹೊಗೆಯ ವಾಸನೆಗೇ, "ಸರಿಯಾಗಿ ಹಿಡೀತು" ಅಂದರು.

ಶನಿವಾರದ ಗೆಳತಿಯರು ಬಂದಾಗ ಒಬ್ಬರು, ಪಾಲಿಷ್ ಅಂಗಡಿಯಲ್ಲಿ ಆ ಹೆಸರು ಉಜ್ಜಿಸಿಬಿಡಿ, ಷೋಕೇಸಿಗೆ ಚೆನ್ನಾಗಿರುತ್ತೆ ಅಂದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಒಳಗಿಂದಲೇ, "ಹೆಸರು ಅಳಿಸಬೇಡ್ರಮ್ಮಾ" ಅಂತ ಕೂಗಿದರು. ಅವತ್ತು ಅದೇ ಕೊಳದಪ್ಪಲೆಯಲ್ಲಿ ಬೂದುಗುಂಬಳಕಾಯಿ ಹುಳಿ ಆಗಿತ್ತು. ಷೋಕೇಸಿಗೆ ಹೋಗೋ ಮಾತೇ ಇರಲಿಲ್ಲ.

ರಾತ್ರಿ ಪಾತ್ರೆ ಬೋರಲು ಹಾಕುತ್ತಿದ್ದಾಗ ಅತ್ತೆ ಬಂದು ಪಕ್ಕ ನಿಂತರು. "ನನ್ನದರಲ್ಲಿ ನಮ್ಮಪ್ಪನ ಹೆಸರಿತ್ತು. ಹೆಸರು ಹಾಕೋನು ಒಂದು ಒತ್ತಕ್ಷರ ಬಿಟ್ಟುಬಿಟ್ಟಿದ್ದ. ಅಪ್ಪ ಅಂಗಡೀಲೇ ಜಗಳ ಆಡಿದ್ರು. ಆಮೇಲೆ ಅದನ್ನ ಮೇಲ್ಗಡೆ ಸಣ್ಣದಾಗಿ ಸೇರಿಸಿದ್ದ" ಅಂದರು. "ಎಲ್ಲಾದ್ರೂ ಸಿಕ್ರೆ ಅದೇ ಗುರುತು."

ಈಗ ಗುಜರಿಗೆ ಹೋದರೆ ಅಯಸ್ಕಾಂತ ಆಮೇಲೆ. ಮೊದಲು ಕಂಠದ ಕೆಳಗೆ ಬೆರಳಾಡಿಸುತ್ತೇನೆ.