ಬೇರಿಂಗು ಹೋದದ್ದೇಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟಿತು. ನೀರಿನ ವಿಷಯದಲ್ಲಿ ಇವುಗಳ ಭಾಗ್ಯ ಒಂದೇ ಅಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ, ಚನ್ನಗಿರಿಗೆ ಸೂಳೆಕೆರೆಯಿದೆ, ಜಗಳೂರಿನವರು ಮುಗಿಲು ನೋಡಿ ಬದುಕಿದವರು. ಆದರೆ ಒಂದು ಮಾತು ನಾಲ್ಕಕ್ಕೂ ಸಮಾನ. ನೀರು ತಾನಾಗಿ ಮೇಲೇರುವುದಿಲ್ಲ, ಅದನ್ನು ಎತ್ತಬೇಕು. ಎತ್ತುವ ಪಂಪು ಅನೇಕ ವೇಳೆ ನಿಲ್ಲುವುದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬೇರಿಂಗಿನಿಂದ, ಇಲ್ಲವೇ ಅದಕ್ಕಿಂತಲೂ ಅಗ್ಗದ ಸೀಲಿನಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊನ್ನಾಳಿಯ ಕಡೆ ಪಂಪು ರಿಪೇರಿಯನ್ನೇ ವೃತ್ತಿಯಾಗಿಸಿಕೊಂಡಿದ್ದಾನೆ. ಹೆಸರು ಬರೆದರೆ ಸಂಕೋಚಪಟ್ಟಾನೆಂದು ಬಿಟ್ಟಿದ್ದೇನೆ. ಕಳೆದ ಬೇಸಗೆಯಲ್ಲಿ ಹೊಳೆಯ ದಂಡೆಯ ಪಂಪೊಂದನ್ನು ಅವನು ಬಿಚ್ಚುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಬೇಸಗೆಯ ಭತ್ತ ಹೊಡೆಗೆ ಬಂದಿತ್ತು. ನೀರು ನಿಂತರೆ ಕಾಳು ಜೊಳ್ಳಾಗುವ ಕಾಲ. ಅದೇ ವರ್ಷದಲ್ಲಿ ಅದು ಮೂರನೆಯ ಬೇರಿಂಗು.

“ಬೇರಿಂಗ್ ಹಾಕಿ ಓಡಿಸ್ಕೊಡಪ್ಪ, ಸಾಕು” ಎಂದರು ಜಮೀನಿನ ಹಿರಿಯರು.

“ಹಾಕ್ತೀನಿ ಯಜಮಾನ್ರೇ. ಆದ್ರೆ ಹಳೇದು ಯಾಕೆ ಹೋತು ಅಂತ ನೋಡ್ದೆ ಹಾಕಿದ್ರೆ ಮುಂದಿನ ತಿಂಗ್ಳು ನೀವೇ ನನ್ನ ಬೈತೀರಿ” ಎಂದ ಇವನು.

ನನಗೆ ಆ ಮಾತು ಬಹಳ ಹಿಡಿಸಿತು. ಪುಲ್ಲರಿನಿಂದ ಎಳೆದು ತೆಗೆದ ಬೇರಿಂಗಿನ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಗುಂಡುಗಳು ತುಕ್ಕು ಹಿಡಿದಿದ್ದವು. ಎಂದರೆ ಒಳಗೆ ನೀರು ಹೋಗಿತ್ತು. ಎಲ್ಲಿಂದ? ಶಾಫ್ಟು ಪಂಪಿನ ಒಡಲಿನಿಂದ ಹೊರಬರುವ ಕಡೆ ಗ್ರ್ಯಾಫೈಟು ಸವರಿದ ಹೆಣೆದ ಹಗ್ಗವನ್ನು ಸುತ್ತಿರುತ್ತಾರೆ. ಅದೇ ಗ್ಲ್ಯಾಂಡ್ ಪ್ಯಾಕಿಂಗು. ಅಲ್ಲಿ ನೀರು ತೊಟ್ಟಿಕ್ಕುವುದನ್ನು ಕಂಡ ಯಾರೋ ಅದನ್ನು ನಿಲ್ಲಿಸಬೇಕೆಂದು ಬೋಲ್ಟುಗಳನ್ನು ಬಲವಾಗಿ ಬಿಗಿದಿದ್ದರು. ಹಗ್ಗ ಒಣಗಿ, ಕಾದು, ಶಾಫ್ಟಿನ ತೋಳನ್ನು ಕೊರೆದಿತ್ತು. ಆ ಗೀರುಗಳಲ್ಲಿ ನೀರು ಚಿಮ್ಮಿತು. ಚಿಮ್ಮಿದ ನೀರು ಶಾಫ್ಟಿನ ಗುಂಟ ಸಾಗಿ, ಸವೆದ ಆಯಿಲ್ ಸೀಲನ್ನು ದಾಟಿ ಬೇರಿಂಗನ್ನು ಸೇರಿತು. ಮೂರು ಸಲವೂ ಬದಲಾದದ್ದು ಬೇರಿಂಗು. ಮೂರು ಸಲವೂ ಉಳಿದದ್ದು ಕಾರಣ.

ಪ್ಯಾಕಿಂಗಿನಿಂದ ಹನಿ ಹನಿ ನೀರು ಬೀಳುವುದು ದೋಷವಲ್ಲ, ಅದೇ ಅದರ ಆರೋಗ್ಯ. ಸೆಕೆಂಡಿಗೆ ಸುಮಾರು ಒಂದು ಹನಿ ಬೀಳುತ್ತಿದ್ದರೆ ಆ ನೀರೇ ಶಾಫ್ಟನ್ನು ತಂಪಾಗಿರಿಸಿ ನುಣುಪು ಕೊಡುತ್ತದೆ. ಹಗ್ಗದ ಸುತ್ತುಗಳನ್ನು ಪ್ರತ್ಯೇಕವಾಗಿ ಕತ್ತರಿಸಿ, ಒಂದರ ಜೋಡಣೆಯ ಬಾಯಿ ಇನ್ನೊಂದರ ಮೇಲೆ ಬಾರದಂತೆ 90 ಡಿಗ್ರಿ ತಿರುಗಿಸಿ ಇಡಬೇಕು. ಇದರ ಬದಲು ಮೆಕ್ಯಾನಿಕಲ್ ಸೀಲ್ ಇರುವ ಪಂಪುಗಳೂ ಉಂಟು. ಅವು ಹೆಚ್ಚುಕಡಿಮೆ ತೊಟ್ಟಿಕ್ಕುವುದೇ ಇಲ್ಲ. ಆದರೆ ಅವುಗಳ ನುಣುಪಾದ ಮುಖಗಳನ್ನು ಬೆರಳಿನಿಂದ ಮುಟ್ಟಬಾರದು, ನೀರಿಲ್ಲದೆ ಪಂಪನ್ನು ಓಡಿಸಲೂಬಾರದು.

ಹೊಸ ಬೇರಿಂಗಿನ ಸಂಖ್ಯೆ 6308. ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ ಸಿಗುತ್ತದೆ: 8×5, ಅಂದರೆ 40 ಮಿಲಿಮೀಟರು. ಈ ಸಂಖ್ಯೆಗೆ ಹೊರವ್ಯಾಸ 90, ದಪ್ಪ 23. ಅದನ್ನು ಅವನು ಸುತ್ತಿಗೆಯಿಂದ ಬಡಿಯಲಿಲ್ಲ. ಎಣ್ಣೆಯಲ್ಲಿ ಸುಮಾರು 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದ. ಬಿಸಿಗೆ ಲೋಹ ಹಿಗ್ಗುತ್ತದೆಯೆಂಬ ಪಾಠ ನಿಮಗೆಲ್ಲ ನೆನಪಿರಬೇಕು! ಹಿಗ್ಗಿದ ಬಳೆ ಶಾಫ್ಟಿನ ಮೇಲೆ ಸರಾಗವಾಗಿ ಜಾರಿ ಕುಳಿತಿತು. ಒತ್ತಲೇಬೇಕಾದರೆ ಒಳಬಳೆಯನ್ನು ಮಾತ್ರ ಒತ್ತಬೇಕು. ಹೊರಬಳೆಗೆ ಕೊಟ್ಟ ಪೆಟ್ಟು ಗುಂಡುಗಳ ಮೂಲಕ ಹಾದು ಅವು ಓಡುವ ದಾರಿಯಲ್ಲಿ ತಗ್ಗು ಮಾಡುತ್ತದೆ. ಹೊಸ ತೋಳು, ಹೊಸ ಆಯಿಲ್ ಸೀಲು ಹಾಕಿ, ಗ್ರೀಸನ್ನು ಅರ್ಧಕ್ಕಿಂತ ಹೆಚ್ಚು ತುಂಬದೆ ಮುಚ್ಚಿದ. ಕೊನೆಗೆ ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ಸರಳರೇಖೆಯಲ್ಲಿವೆಯೇ ಎಂದು ಕಪ್ಲಿಂಗಿನ ನಾಲ್ಕು ಕಡೆಯಲ್ಲೂ ಅಳೆದು ನೋಡಿದ. ಅವು ಓರೆಯಾಗಿದ್ದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ.

ಎಲ್ಲ ಪಂಪಿಗೂ ಕಾರಣ ಇದೇ ಆಗಿರಬೇಕೆಂದಿಲ್ಲ. ಚನ್ನಗಿರಿಯ ಅಡಿಕೆ ತೋಟಗಳ ಕೊಳವೆಬಾವಿಗಳಲ್ಲಿ ಇಳಿಬಿಟ್ಟಿರುವ ಸಬ್‌ಮರ್ಸಿಬಲ್ ಪಂಪುಗಳಲ್ಲಿ ಬುಷ್ಷುಗಳಿಗೆ ನೀರೇ ಎಣ್ಣೆ. ಅಲ್ಲಿ ಶತ್ರು ನೀರಲ್ಲ, ಅದರೊಡನೆ ಬರುವ ಮರಳು. ಕಾರಣ ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಒಂದೇ.

ಈಗ ಪಂಪುಗಳು ಒಬ್ಬರ ಹೊಲದ ಸಂಗತಿಯಾಗಿ ಉಳಿದಿಲ್ಲ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಗಾಗಿ ಜನ ವರ್ಷಗಟ್ಟಲೆ ಕಾದರು. ಸೂಳೆಕೆರೆಯ ನೀರು ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಹೊಳೆ ತುಂಬಿ ಹರಿಯುವುದು ವರ್ಷದಲ್ಲಿ ಕೆಲವೇ ತಿಂಗಳು. ಆ ದಿನಗಳಲ್ಲಿ ಪಂಪು ಒಂದು ವಾರ ನಿಂತರೆ, ಸಾಲಿನ ಕೊನೆಯ ಕೆರೆಗೆ ಆ ವರ್ಷ ನೀರು ತಲಪದೆ ಹೋಗಬಹುದು. ಪಂಪ್‌ಹೌಸಿನ ಉದ್ಘಾಟನೆಗೆ ಕಲ್ಲು ನಿಲ್ಲಿಸುತ್ತೇವೆ. ಒಳಗೆ ಕೈಯಿಟ್ಟು ಬೇರಿಂಗಿನ ಬಿಸಿ ನೋಡುವವನನ್ನು ಕೇಳುವವರಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ನೀರುಗಂಟಿಗಳೂ ಇದ್ದೀರಿ. ನಿಮ್ಮ ಸುಪರ್ದಿನ ಪ್ರತಿ ಪಂಪಿನ ಬಳಿಯೂ ಇನ್ನೂರು ಪುಟದ ಒಂದು ನೋಟುಪುಸ್ತಕವಿಡಿ. ನಾಲ್ಕು ಅಂಕಣ ಸಾಕು: ದಿನಾಂಕ, ಎಷ್ಟು ಗಂಟೆ ಓಡಿತು, ಏನು ಬದಲಾಯಿಸಿದೆವು, ಹಳೆಯದು ಏಕೆ ಕೆಟ್ಟಿತು. ಮೊದಲ ಮೂರನ್ನು ಯಾರಾದರೂ ತುಂಬಿಯಾರು. ನಾಲ್ಕನೆಯದು ತುಂಬಿದ ಮೇಲೆಯೇ ಮೆಕ್ಯಾನಿಕ್ಕಿಗೆ ಹಣ ಕೊಡಿ. ಮತ್ತು ಹಾಗೆ ತುಂಬಿಕೊಡುವವನಿಗೆ ಎರಡು ಕಾಸು ಹೆಚ್ಚಾಗಿಯೇ ಕೊಡಿ.