ಮರುದಿನದ ಪ್ರಶ್ನೆ

ಪುಣೆಯ ಆಸ್ಪತ್ರೆಯೊಂದರ ಆಪರೇಶನ್ ಥಿಯೇಟರಿನಲ್ಲಿ ಧಾರವಾಡದ ಕಡೆಯ ಸಿಸ್ಟರ್ ಒಬ್ಬರಿದ್ದಾರೆ. ಸೊಂಟದ ಕೀಲಿನ ಆರ್ತ್ರೋಸ್ಕೋಪಿ ಇದ್ದ ದಿನ ಅವರು ಮೊದಲು ಮುಟ್ಟಿ ನೋಡುವುದು ಮೇಜಿನ ಮೇಲಿನ ಕಂಬವನ್ನು.

ಈ ಕೀಲು ಬಟ್ಟಲಲ್ಲಿ ಬಿಗಿಯಾಗಿ ಕೂತ ಗುಂಡಿನ ಹಾಗೆ. 1931ರಲ್ಲಿ ಶವಗಳ ಮೇಲೆ ಪ್ರಯೋಗ ಮಾಡಿದ ನ್ಯೂಯಾರ್ಕಿನ ಮೈಕೆಲ್ ಬರ್ಮನ್, ಅವೆರಡರ ನಡುವೆ ಸೂಜಿ ತೂರಿಸಲಾಗದು ಎಂದೇ ಬರೆದಿದ್ದರು. ಈಗ ಪಾದವನ್ನು ಬೂಟಿನಲ್ಲಿ ಬಿಗಿದು ಕಾಲನ್ನು ಎಳೆಯುತ್ತಾರೆ. ಸುಮಾರು ಒಂದು ಸೆಂಟಿಮೀಟರ್ ಸಂದು ಬಿಡುತ್ತದೆ. ಎಳೆದಾಗ ಮೈ ಜಾರಬಾರದೆಂದು ತೊಡೆಗಳ ನಡುವೆ ಕಂಬ. ಕಂಬಕ್ಕೂ ಮೂಳೆಗೂ ನಡುವೆ ಸಿಕ್ಕಿ ನಲುಗುವುದು ಪ್ಯುಡೆಂಡಲ್ ನರ. ಗುಪ್ತಾಂಗದ ಸ್ಪರ್ಶ ತಿಳಿಯುವುದು ಅದರಿಂದ. ಎಳೆತ ಹೆಚ್ಚಾದರೆ ತೊಡೆಯ ಹಿಂದಿನ ಸಯಾಟಿಕ್ ನರಕ್ಕೂ ಪೆಟ್ಟು.

ಕೆಲವು ವರ್ಷಗಳ ಹಿಂದೆ ಒಬ್ಬ ತರುಣ, ಆಪರೇಶನ್ನಿನ ಮರುದಿನ ಡಾಕ್ಟರ್ ಕೇಳಿದಾಗ, "ಎಲ್ಲಾ ಆರಾಮ್ ಐತ್ರಿ" ಅಂದ. ಅವರು ಹೋದ ಮೇಲೆ, ಸಿಸ್ಟರ್ ಬಾಯಲ್ಲಿ ಊರಿನ ಕನ್ನಡ ಕೇಳಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೇಳಿದ: "ಅಕ್ಕಾರ, ಕೆಳಗ ಮುಟ್ಟಿದ್ರ ಗೊತ್ತಾಗವಲ್ದರಿ." ಎರಡು ತಿಂಗಳಲ್ಲಿ ಅವನ ಮದುವೆ.

ನರ ತುಂಡಾಗಿಲ್ಲ, ಒತ್ತಿಕೊಂಡಿದೆ. ಬಹುಪಾಲು ಮಂದಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ ಎಂದು ಡಾಕ್ಟರ್ ತಿಳಿಸಿದರು. ಆರು ವಾರಕ್ಕೆ ಸ್ಪರ್ಶ ಮರಳಿತು. ಆ ಆರು ವಾರ ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ದಿನ ಕಂಬಕ್ಕೆ ಪ್ಯಾಡ್ ಸುತ್ತಿದ್ದವರು ಸಿಸ್ಟರೇ. ಎಳೆತ ಶುರುವಾದ ಹೊತ್ತನ್ನು ಯಾರೂ ಬರೆದಿಟ್ಟಿರಲಿಲ್ಲ.

ಈಗ ಪ್ಯಾಡ್ ದಪ್ಪ, ಅಗಲ. ಕಂಬವನ್ನು ನಟ್ಟನಡುವೆ ಇಡದೆ ಆಪರೇಶನ್ ಆಗುವ ಕಾಲಿನ ಒಳತೊಡೆಗೆ ತಾಗುವಂತೆ ಸರಿಸುತ್ತಾರೆ. ಗುಪ್ತಾಂಗ ಅದುಮಿಕೊಂಡಿಲ್ಲವೇ ಎಂದು ಕೈಯಿಟ್ಟು ನೋಡುತ್ತಾರೆ. ಪಾದಗಳಿಗೆ ಮೆತ್ತೆ, ಆ ಬದಿಯ ಕೈ ಎದೆಯ ಮೇಲೆ, ಇನ್ನೊಂದು ಕೈಯನ್ನು 90 ಡಿಗ್ರಿಗಿಂತ ಹೆಚ್ಚು ಚಾಚುವಂತಿಲ್ಲ. ಎಳೆತ ಆರಂಭವಾದ ಹೊತ್ತನ್ನು ಬೋರ್ಡಿನಲ್ಲಿ ಬರೆದು, ಅರ್ಧ ಗಂಟೆಗೊಮ್ಮೆ ಕೂಗಿ ಹೇಳುತ್ತಾರೆ. ಎರಡು ಗಂಟೆ ಮೀರಬಾರದು. ಬಟ್ಟಲೊಳಗಿನ ಕೆಲಸ ಮುಗಿದ ಕೂಡಲೇ ಎಳೆತ ಸಡಿಲಿಸಲು ನೆನಪಿಸುತ್ತಾರೆ. ಕೆಲವೆಡೆ ಕಂಬವೇ ಇಲ್ಲ: ಜಾರದ ಫೋಮಿನ ಮೇಲೆ ಮಲಗಿಸಿ, ತಲೆಯ ಕಡೆಗೆ ಮೇಜನ್ನು ತುಸು ತಗ್ಗಿಸಿದರೆ ಮೈಭಾರವೇ ಹಿಡಿದು ನಿಲ್ಲಿಸುತ್ತದೆ.

ನಿದ್ದೆಯಲ್ಲಿರುವವರು ನೋವೆನ್ನಲಾರರು, ಎಚ್ಚರವಾದವರು ನಾಚಿಕೆಯಿಂದ ಅನ್ನುವುದಿಲ್ಲ. ಅದಕ್ಕೇ ಮರುದಿನ ಸಿಸ್ಟರ್ ವಾರ್ಡಿಗೆ ಹೋಗಿ, ಪರದೆ ಎಳೆದು, ತಾವೇ ಕೇಳುತ್ತಾರೆ: "ಕೆಳಗ ಜೋಮು ಹಿಡದೈತೇನ?"